ವಿದೇಶಕ್ಕೆ ಹೊರಡುವ ಮುನ್ನ ಅಡುಗೆಮನೆಯ ಡಬ್ಬಿಗಳನ್ನು ಖಾಲಿ ಮಾಡುವುದು ಹೇಗೆ?

ಪ್ರಶ್ನೆ: ಮೈಸೂರಿನಿಂದ, ಜನವರಿ 3

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದ್ದು, ನಾವಿಬ್ಬರೂ ಎಂಟು ವರ್ಷದ ಮಗಳೂ ಫೆಬ್ರವರಿ 14, ಶನಿವಾರ ರಾತ್ರಿಯ ವಿಮಾನಕ್ಕೆ ಹೊರಡುವವರಿದ್ದೇವೆ. ಕೈಯಲ್ಲಿ ಸರಿಯಾಗಿ ಆರು ವಾರಗಳಿವೆ. ವೀಸಾ, ಟಿಕೆಟ್, ಅಲ್ಲಿನ ಮನೆಯ ಮುಂಗಡ ಎಂದು ಉಳಿತಾಯದ ಬಹುಪಾಲು ಕರಗಿಹೋಗಿರುವುದರಿಂದ, ಇನ್ನು ಹೊಸದಾಗಿ ದಿನಸಿ ತರದೆ ಮನೆಯಲ್ಲಿರುವುದನ್ನೇ ಬಳಸಿ ಮುಗಿಸಬೇಕೆಂದು ನಿಶ್ಚಯಿಸಿದ್ದೇನೆ. ಹಾಲು, ಮೊಸರಿನ ಖರ್ಚು ಬಿಟ್ಟು ತರಕಾರಿ ಮತ್ತು ಸೊಪ್ಪಿಗೆ ವಾರಕ್ಕೆ 600 ರೂಪಾಯಿ ದಾಟಬಾರದೆಂಬುದು ನನ್ನ ಲೆಕ್ಕ.

ನಿನ್ನೆ ಎಲ್ಲ ಡಬ್ಬಿಗಳನ್ನೂ ಕೆಳಗಿಳಿಸಿ ತೂಗಿ ಬರೆದುಕೊಂಡೆ. ಅಕ್ಕಿ 11 ಕೆಜಿ, ತೊಗರಿಬೇಳೆ 3 ಕೆಜಿ, ರಾಗಿ ಹಿಟ್ಟು 4 ಕೆಜಿ, ಕಡಲೆಬೇಳೆ ಮತ್ತು ಉದ್ದಿನಬೇಳೆ ತಲಾ ಒಂದೊಂದು ಕೆಜಿಗೆ ಸ್ವಲ್ಪ ಮೇಲೆ. ಇವು ಹೇಗೋ ಮುಗಿಯುತ್ತವೆ. ನನ್ನ ಚಿಂತೆ ಇರುವುದು ಉಳಿದವುಗಳ ಬಗ್ಗೆ. ಬಾಯಿ ತೆರೆದ ಮೂರು ಶಾವಿಗೆ ಪ್ಯಾಕೆಟ್‌ಗಳಿವೆ. ದಪ್ಪ ಅವಲಕ್ಕಿ ಒಂದು ಕೆಜಿ ಇದೆ. ಬನ್ಸಿ ರವೆ, ಚಿರೋಟಿ ರವೆ ಒಂದಿಷ್ಟು. ಕಳೆದ ವರ್ಷದ ಕಪ್ಪಾದ ಹುಣಸೆಹಣ್ಣು ಮುಕ್ಕಾಲು ಕೆಜಿ. ತಿಪಟೂರಿನ ನೆಂಟರು ಕೊಟ್ಟ ಆರು ಕೊಬ್ಬರಿ ಗಿಟುಕುಗಳು. ಬ್ಯಾಡಗಿ ಮೆಣಸಿನಕಾಯಿ ಅರ್ಧ ಕೆಜಿ. ಕಡಲೆಕಾಯಿ ಬೀಜ, ಹುರಿಗಡಲೆ, ಎಳ್ಳು, ಎರಡು ದೊಡ್ಡ ಉಂಡೆ ಬೆಲ್ಲ, ಒಂದು ಬಾಟಲಿ ಗಸಗಸೆ, ಮನೆಯಲ್ಲೇ ಕಾಯಿಸಿದ ತುಪ್ಪ ಸುಮಾರು ಒಂದು ಲೀಟರ್, ಬಾಳಕದ ಮೆಣಸಿನಕಾಯಿ, ಎರಡು ಜಾಡಿ ಉಪ್ಪಿನಕಾಯಿ. ಜೋಳದ ರೊಟ್ಟಿ ಕಲಿಯುವ ಉತ್ಸಾಹದಲ್ಲಿ ತಂದ ಒಂದೂವರೆ ಕೆಜಿ ಜೋಳದ ಹಿಟ್ಟು ಹಾಗೆಯೇ ಉಳಿದಿದ್ದು, ಈಗ ತಟ್ಟಲು ಹೋದರೆ ಅಂಚೆಲ್ಲ ಬಿರುಕು ಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಚನ್ನರಾಯಪಟ್ಟಣದ ಕಡೆ ನಮ್ಮ ತಾಯಿಯ ಹೊಲದಲ್ಲಿ ಬೆಳೆದ ಒಂದೂವರೆ ಕೆಜಿ ಹುರುಳಿಕಾಳು ಇದೆ. ಎರಡು ವರ್ಷದ ಹಳೆಯ ಕಾಳಾದ್ದರಿಂದ ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಅಮ್ಮ ಕೇರಿ, ಕಲ್ಲು ಆರಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ ಕಳುಹಿಸಿದ್ದು; ಅದನ್ನು ಕಸಕ್ಕೆ ಹಾಕಲು ನನಗೆ ಮನಸ್ಸಿಲ್ಲ.

ಯಾವುದರಿಂದ ಆರಂಭಿಸಬೇಕು, ಯಾವುದನ್ನು ಜೊತೆಗೆ ಒಯ್ಯಬಹುದು, ಯಾವುದನ್ನು ಇಲ್ಲಿಯೇ ಮುಗಿಸಲೇಬೇಕು ಎಂದು ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬೆಂಗಳೂರಿನ ಬಸವನಗುಡಿಯಿಂದ

ನಮಸ್ಕಾರಮ್ಮ. ನನ್ನ ಮಗ, ಸೊಸೆ ಕೆನಡಾಕ್ಕೆ ಹೊರಟಾಗ ಅವರ ಅಡುಗೆಮನೆಯನ್ನು ಜೊತೆಯಲ್ಲಿ ನಿಂತು ಖಾಲಿ ಮಾಡಿಸಿದವಳು ನಾನು. ಆಗ ನಾವು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಆರಂಭದ ವಾರಗಳಲ್ಲಿ ಅವರು ಎಂದಿನಂತೆ ಅನ್ನ, ಹುಳಿ ಮಾಡಿಕೊಂಡು ಅಕ್ಕಿ ಬೇಳೆಯನ್ನೆಲ್ಲ ಮುಗಿಸಿಬಿಟ್ಟರು. ಕೊನೆಗೆ ನೋಡಿದರೆ ಒಂದು ಹಿಡಿ ಸಬ್ಬಕ್ಕಿ, ಮುಕ್ಕಾಲು ಪ್ಯಾಕೆಟ್ ಶಾವಿಗೆ, ತಳದಲ್ಲಿ ಉಳಿದ ಮೈದಾ, ಹೆಸರೇ ಮರೆತುಹೋದ ಎರಡು ಪುಡಿಗಳು. ಅಂಥದ್ದನ್ನು ಯಾರ ಕೈಗೆ ಕೊಡುವುದು? ಕೊಟ್ಟರೂ ಮರ್ಯಾದೆ ಅನ್ನಿಸುವುದಿಲ್ಲ. ಅದೇ ವಾರ ಅನ್ನಕ್ಕೆ ಅಕ್ಕಿಯಿಲ್ಲದೆ ಮತ್ತೆ ಅಂಗಡಿಯಿಂದ ಐದು ಕೆಜಿ ತಂದರು. ಆದ್ದರಿಂದ ಯಾರಿಗೂ ಕೊಡಲಾಗದ್ದನ್ನು ಮೊದಲು ತಿನ್ನಿ, ಯಾರಾದರೂ ಸಂತೋಷದಿಂದ ತೆಗೆದುಕೊಳ್ಳುವುದನ್ನು ಕೊನೆಗೆ ಬಿಡಿ. ಅಕ್ಕಿ, ತೊಗರಿಬೇಳೆ, ಸಕ್ಕರೆ, ಬಾಯಿ ತೆರೆಯದ ಎಣ್ಣೆ ಪ್ಯಾಕೆಟ್ ಫೆಬ್ರವರಿ 13ರಂದು ಉಳಿದಿದ್ದರೂ ತೊಂದರೆಯಿಲ್ಲ. ಪಕ್ಕದ ಮನೆಯವರೋ ಕೆಲಸಕ್ಕೆ ಬರುವಾಕೆಯೋ ತೆಗೆದುಕೊಳ್ಳುತ್ತಾರೆ. ಕೊಡುವುದನ್ನು ಮುಂಚಿತವಾಗಿಯೇ ಅವರಿಗೆ ಹೇಳಿಡಿ, ಅವರೂ ಆ ತಿಂಗಳ ದಿನಸಿಯನ್ನು ಕಡಿಮೆ ತರಬಹುದು.

ಇನ್ನೊಂದು ಮಾತು. ನಿಮಗೆ ಲೆಕ್ಕಕ್ಕೆ 42 ದಿನಗಳಿದ್ದರೂ ಅಡುಗೆಗೆ ಅಷ್ಟು ಸಿಗುವುದಿಲ್ಲ. ಹೊರಡುವ ಸುದ್ದಿ ಹಬ್ಬಿದ ಮೇಲೆ ಅತ್ತೆ ಮನೆ, ಚಿಕ್ಕಮ್ಮನ ಮನೆ, ಗೆಳತಿಯ ಮನೆ ಎಂದು ಊಟಕ್ಕೆ ಕರೆಯುತ್ತಲೇ ಇರುತ್ತಾರೆ, ಇಲ್ಲವೆನ್ನಲೂ ಆಗುವುದಿಲ್ಲ. ಮೂವತ್ತು, ಮೂವತ್ತೆರಡು ದಿನವೆಂದೇ ಎಣಿಸಿ. ಮೂವರಿಗೆ ದಿನಕ್ಕೆ 120 ಗ್ರಾಂ ತೊಗರಿಬೇಳೆ ಹಿಡಿದರೆ ನಿಮ್ಮ ಮೂರು ಕೆಜಿ 25 ದಿನಕ್ಕೆ ಬರುತ್ತದೆ. ನಡುನಡುವೆ ಹುರುಳಿ, ಅವಲಕ್ಕಿ, ಶಾವಿಗೆಯ ದಿನಗಳು ಬರುವುದರಿಂದ ಬೇಳೆ ಕೊಳ್ಳುವ ಪ್ರಮೇಯವೇ ಇಲ್ಲ. ಒಂದು ಮುದ್ದೆಗೆ 90 ಗ್ರಾಂ ಹಿಟ್ಟಿನಂತೆ ಇಬ್ಬರು ದಿನಕ್ಕೊಂದೊಂದು ಮುದ್ದೆ ಉಂಡರೆ ನಾಲ್ಕು ಕೆಜಿ ರಾಗಿ ಹಿಟ್ಟು 22 ದಿನಕ್ಕೆ ಮುಗಿಯುತ್ತದೆ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಇನ್ನು ಎರಡು ವಾರದೊಳಗೆ ಸಂಕ್ರಾಂತಿ ಬರುತ್ತಿರುವುದು ನಿಮ್ಮ ಅದೃಷ್ಟ. ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಎಳ್ಳು, ಬೆಲ್ಲ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಕಂಡದ್ದೇ ಎಳ್ಳುಬೆಲ್ಲದ ತಟ್ಟೆ. ಈ ವರ್ಷ ಅಂಗಡಿಯ ಸಿದ್ಧ ಮಿಶ್ರಣ ತರಬೇಡಿ. ಕೊಬ್ಬರಿಯ ಹೊರಗಿನ ಕಂದು ಸಿಪ್ಪೆಯನ್ನು ಹೆರೆದು ತೆಗೆದು, ಸಣ್ಣ ಚೂರುಗಳಾಗಿ ಹೆಚ್ಚಿ ಎರಡು ದಿನ ಬಿಸಿಲಿಗೆ ಹಾಕಿ; ಬೆಲ್ಲವನ್ನೂ ಅಷ್ಟೇ ಸಣ್ಣಗೆ ಕತ್ತರಿಸಿ ಒಣಗಿಸಿ. ಮಗಳ ಕೈಯಲ್ಲಿ ಬೀದಿಯ ಮನೆಗಳಿಗೆಲ್ಲ ಎಳ್ಳು ಬೀರಿಸಿ. ಮೂರು ಗಿಟುಕು, ಒಂದು ಉಂಡೆ ಬೆಲ್ಲ ಅಲ್ಲಿಯೇ ಮುಗಿಯುತ್ತದೆ, ಊರು ಬಿಡುವ ಮುನ್ನ ಎಲ್ಲರನ್ನೂ ಕಂಡಂತೆಯೂ ಆಗುತ್ತದೆ. ಕಡಲೆಕಾಯಿ ಬೀಜವನ್ನು ಮಾತ್ರ ಚೆನ್ನಾಗಿ ನೋಡಿ. ಬೂಷ್ಟು ಹಿಡಿದದ್ದು, ಬಾಯಿಗೆ ಹಾಕಿದರೆ ಕಹಿಯೆನಿಸುವುದು ಒಂದಿದ್ದರೂ ಇಡೀ ಹಿಡಿಯನ್ನೇ ಎಸೆಯಿರಿ. ಅಲ್ಲಿ ಉಳಿತಾಯ ನೋಡಬಾರದು.

ಉಳಿದ ಕೊಬ್ಬರಿ, ಕಡಲೆಬೇಳೆ, ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ, ಒಂದಿಷ್ಟು ಹುಣಸೆ, ಬೆಲ್ಲ, ಇಂಗು, ಕರಿಬೇವು ಸೇರಿದರೆ ಚಟ್ನಿಪುಡಿಯಾಯಿತು. ಒಂದು ಲೋಟ ಕಡಲೆಬೇಳೆಗೆ ಅರ್ಧ ಲೋಟ ಉದ್ದಿನಬೇಳೆ, ಒಂದು ಲೋಟ ತುರಿದ ಕೊಬ್ಬರಿ, ಇಪ್ಪತ್ತು ಮೆಣಸಿನಕಾಯಿ ನಮ್ಮ ಮನೆಯ ಅಳತೆ. ಕೊನೆಯ ಹತ್ತು ದಿನ ಅಡುಗೆಗೆ ಪುರುಸೊತ್ತು ಇಲ್ಲದಾಗ ಅದೇ ಕೈಹಿಡಿಯುತ್ತದೆ. ಹುಣಸೆಹಣ್ಣು ಕಪ್ಪಾಗಿದ್ದರೆ ಹೆದರಬೇಡಿ, ಹಳೆಯದಾದಂತೆ ಅದು ಕಪ್ಪಾಗುವುದು ಸಹಜ. ಬಿಸಿ ನೀರಿನಲ್ಲಿ ನೆನೆಸಿ, ಹಿಂಡಿ, ಸೋಸಿ, ಬೆಲ್ಲ ಮತ್ತು ಸಾರಿನ ಪುಡಿಯೊಡನೆ ಎಣ್ಣೆ ಬಿಡುವವರೆಗೆ ಕುದಿಸಿದರೆ ಪುಳಿಯೋಗರೆಯ ಗೊಜ್ಜು ಸಿದ್ಧ. ಅದೇ ಹುಣಸೆರಸದಲ್ಲಿ ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿಯಾಗಿ ಒಡೆದು ನೆನೆಸಿ ಗೊಜ್ಜವಲಕ್ಕಿ ಮಾಡಿದರೆ, ವಾರಕ್ಕೆರಡು ಬೆಳಗ್ಗೆ ತಿಂಡಿಯ ಯೋಚನೆ ಇರುವುದಿಲ್ಲ, ತರಕಾರಿಯೂ ಬೇಡ.

ಹುರುಳಿಕಾಳಿನ ವಿಷಯಕ್ಕೆ ಬರೋಣ. ಕಾಳು ಬಿಸಿಲು, ತೇವದಲ್ಲಿ ವರ್ಷಗಟ್ಟಲೆ ಇದ್ದರೆ ಒಳಗೆ ಗಟ್ಟಿಯಾಗಿ ನೀರು ಹೀರುವುದನ್ನೇ ನಿಧಾನ ಮಾಡುತ್ತದೆ. ರಾತ್ರಿ ಒಂದು ಚಮಚ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಸಂಜೆಯವರೆಗೆ ಬಿಡಿ. ಆಮೇಲೆ ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿದರೆ ಬೇಯುತ್ತದೆ ಎಂದೇ ಅರ್ಥ. ಇಳಿಯದ, ಕಲ್ಲಿನಂತೆ ಉಳಿದ ಕಾಳುಗಳನ್ನು ಆರಿಸಿ ತೆಗೆದುಬಿಡಿ. ಚಿಟಿಕೆ ಅಡುಗೆ ಸೋಡ ಹಾಕಿ ಕುಕ್ಕರಿನಲ್ಲಿ ಐದಾರು ಕೂಗು ಕೂಗಿಸಿ, ಸಣ್ಣ ಉರಿಯಲ್ಲಿ ಕಾಲು ಗಂಟೆ ಬಿಡಿ. ಹುಣಸೆ, ಟೊಮ್ಯಾಟೊ ಏನಿದ್ದರೂ ಬೆಂದ ಮೇಲೆಯೇ ಹಾಕಬೇಕು, ಹುಳಿ ಮೊದಲೇ ಬಿದ್ದರೆ ಕಾಳು ಮತ್ತೆ ಬಿಗಿಯುತ್ತದೆ. ಬಸಿದ ಕಟ್ಟಿನಲ್ಲಿ ಸಾರು, ಕಾಳಿನಲ್ಲಿ ಉಸಲಿ. ಒಂದೇ ಬೇಯಿಸುವಿಕೆಯಲ್ಲಿ ಮುದ್ದೆಗೂ ಆಯಿತು, ನೆಂಚಿಕೊಳ್ಳಲೂ ಆಯಿತು. ಬೇಯಲು ಹೊತ್ತು ಹಿಡಿಯುವ ಕಾಳುಗಳನ್ನೆಲ್ಲ ಈ ತಿಂಗಳಲ್ಲೇ ಮುಗಿಸಿಕೊಳ್ಳಿ. ಹೊರಡುವ ಮುನ್ನ ಗ್ಯಾಸ್ ಸಂಪರ್ಕವನ್ನು ಏಜೆನ್ಸಿಗೆ ಮರಳಿಸಿ ಠೇವಣಿ ಪಡೆಯುವವರಾದರೆ, ಕಾಳು ಬೇಯಿಸಲೆಂದೇ ಕೊನೆಯ ವಾರದಲ್ಲಿ ಹೊಸ ಸಿಲಿಂಡರ್ ತರಿಸುವ ಪ್ರಸಂಗ ಬರಬಾರದು.

ತೊಗರಿಬೇಳೆ ಹೆಚ್ಚೆನಿಸಿದರೆ ನುಚ್ಚಿನುಂಡೆ ಮಾಡಿ. ಕಾಲು ಕೆಜಿ ಬೇಳೆ ಒಂದೇ ಹೊತ್ತಿಗೆ ಸಲ್ಲುತ್ತದೆ, ಈಗ ದೇವರಾಜ ಮಾರುಕಟ್ಟೆಯಲ್ಲಿ ಸಬ್ಬಸಿಗೆ ಸೊಪ್ಪೂ ಚೆನ್ನಾಗಿರುವ ಕಾಲ. ಎಲ್ಲ ಬೇಳೆಯೂ ಒಂದೊಂದು ಹಿಡಿ ಉಳಿದರೆ ಅಕ್ಕಿಯೊಡನೆ ನೆನೆಸಿ, ಮೆಣಸಿನಕಾಯಿ ಹಾಕಿ ರುಬ್ಬಿ ಅಡೆದೋಸೆ ಹುಯ್ಯಿರಿ, ಅದಕ್ಕೆ ಹುದುಗು ಬರಬೇಕೆಂದಿಲ್ಲ. ರವೆಯನ್ನು ಇಂದೇ ಜರಡಿ ಹಿಡಿದು, ಹುಳುವಿಲ್ಲದಿದ್ದರೆ ಒಮ್ಮೆಗೇ ಹುರಿದು ಇಟ್ಟುಬಿಡಿ. ಬಲೆ ಕಟ್ಟಿ ಉಂಡೆಯಾಗಿದ್ದರೆ ತಿನ್ನಬೇಡಿ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಉಳಿದದ್ದನ್ನು ಮುಗಿಸಲೆಂದು ಹೊಸದನ್ನು ಕೊಳ್ಳಬೇಡಿ. ಶಾವಿಗೆ ಮುಗಿಯಲಿ ಎಂದು ಗೋಡಂಬಿ, ದ್ರಾಕ್ಷಿ ತಂದು ಪಾಯಸ ಮಾಡಿದರೆ ಶಾವಿಗೆಯ ಬೆಲೆಗಿಂತ ಹತ್ತು ಪಟ್ಟು ಖರ್ಚಾಗುತ್ತದೆ, ಮಿಕ್ಕ ಗೋಡಂಬಿ ಇನ್ನೊಂದು ಡಬ್ಬಿಯಾಗಿ ಕೂರುತ್ತದೆ. ಶಾವಿಗೆಗೆ ನಿಂಬೆಹಣ್ಣು, ಸಾಸಿವೆ, ಕಡಲೆಬೇಳೆಯ ಒಗ್ಗರಣೆ ಸಾಕು.

ಉತ್ತರ: ಧಾರವಾಡದಿಂದ

ಅಕ್ಕನವರಿಗೆ ಶರಣು. ಬಸವನಗುಡಿಯ ತಾಯಿಯವರು ಹೇಳಿದ ಮೇಲೆ ಹೆಚ್ಚೇನೂ ಉಳಿದಿಲ್ಲ, ಆದರೆ ಜೋಳದ ಹಿಟ್ಟಿನ ಬಗ್ಗೆ ನಮ್ಮ ಕಡೆಯವರು ಹೇಳದಿದ್ದರೆ ಯಾರು ಹೇಳಬೇಕು?

ನಿಮ್ಮ ಕೈಯಲ್ಲಿ ದೋಷವಿಲ್ಲ. ಜೋಳದಲ್ಲಿ ಗೋಧಿಯಂಥ ಅಂಟು ಇಲ್ಲ, ಇರುವಷ್ಟು ಜಿಗಿಯೂ ಬೀಸಿ ದಿನ ಕಳೆದಂತೆ ಇಳಿದುಹೋಗುತ್ತದೆ. ಅದಕ್ಕಾಗಿಯೇ ನಮ್ಮಲ್ಲಿ ಹದಿನೈದು ದಿನಕ್ಕೆ ಆಗುವಷ್ಟನ್ನೇ ಗಿರಣಿಗೆ ಕೊಡುತ್ತಾರೆ. ಹಿಟ್ಟನ್ನು ಮೊದಲು ಮೂಸಿ, ಚಿಟಿಕೆ ಬಾಯಿಗೆ ಹಾಕಿ ನೋಡಿರಿ. ಮುಗ್ಗು ವಾಸನೆ, ಕಹಿ ಇದ್ದರೆ ಅದು ದನದ ಬಾನಿಗೆ ಹೋಗಲಿ. ಇಲ್ಲದಿದ್ದರೆ ನೀರನ್ನು ಚೆನ್ನಾಗಿ ಕುದಿಸಿ, ಕುದಿಯುವ ಎಸರನ್ನೇ ಹಿಟ್ಟಿನ ನಡುವೆ ಸುರಿದು, ಸೌಟಿನಿಂದ ಕಲಸಿ, ಕೈ ಸುಡದಷ್ಟು ಆರಿದ ಕೂಡಲೇ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ನಾದಿ ತಟ್ಟಿರಿ, ಒಟ್ಟಿಗೆ ನಾದಿಟ್ಟರೆ ಮತ್ತೆ ಬಿರಿಯುತ್ತದೆ. ಅಷ್ಟಾದರೂ ಅಂಚು ಒಡೆದರೆ ಹಟ ಮಾಡಬೇಡಿರಿ, ತಾಲಿಪಟ್ಟಿಗೆ ಹಾಕಿರಿ. ಜೋಳದ ಹಿಟ್ಟು, ಉಳಿದ ಕಡಲೆ ಹಿಟ್ಟು, ಗೋಧಿ ಹಿಟ್ಟು ಕೂಡಿಸಿ, ಉಳ್ಳಾಗಡ್ಡಿ, ಕೊತ್ತಂಬರಿ, ಜೀರಿಗೆ, ಎಳ್ಳು ಹಾಕಿ ಹಂಚಿನ ಮೇಲೆ ತಟ್ಟಿದರೆ ಯಾವ ಹಿಟ್ಟು ಎಷ್ಟು ಹಳೆಯದೆಂದು ಯಾರೂ ಕೇಳುವುದಿಲ್ಲ.

ಹಿಟ್ಟು ಚೆನ್ನಾಗಿದ್ದು ರೊಟ್ಟಿ ಬಂದರೆ, ಇಪ್ಪತ್ತು ರೊಟ್ಟಿಯನ್ನು ತೆಳ್ಳಗೆ ಬಡಿದು ಕಡಕ್ ಮಾಡಿಟ್ಟುಕೊಳ್ಳಿರಿ. ಬಿಸಿಲಿಗೆ ಒಣಗಿದ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ನನ್ನ ತಂಗಿ ಪರದೇಶಕ್ಕೆ ಹೋಗುವಾಗ ಸ್ಟೀಲಿನ ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸಿಕೊಂಡು ಒಯ್ದಳು. ಮುರಿದವು ಮುರಿದವು, ಆದರೆ ಅಲ್ಲಿ ಹೋಗಿ ಮಜ್ಜಿಗೆಯಲ್ಲಿ ನೆನೆಸಿ ಉಣ್ಣಲು ಮುರಿದದ್ದೇ ಒಳ್ಳೆಯದಾಯಿತಂತೆ. ನಿಮ್ಮ ಕಡಲೆಕಾಯಿ ಬೀಜ ಉಳಿದರೆ ಹುರಿದು, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪಿನೊಡನೆ ಕುಟ್ಟಿ ಶೇಂಗಾ ಚಟ್ನಿ ಮಾಡಿಕೊಳ್ಳಿರಿ. ಅದಕ್ಕೆ ಕೊಬ್ಬರಿ ಬೇಕಿಲ್ಲ, ಪ್ರವಾಸಕ್ಕೆ ತಕ್ಕದ್ದು.

ಇನ್ನು ಬೆಲ್ಲ, ಗಸಗಸೆ, ಹುರಿಗಡಲೆ, ಕೊಬ್ಬರಿ, ತುಪ್ಪ ಎಲ್ಲವೂ ನಿಮ್ಮಲ್ಲಿ ಉಳಿದಿರುವುದರಿಂದ ಒಂದು ದಿನ ಮಾದಲಿ ಮಾಡಿ ನೋಡಿರಿ. ಗೋಧಿ ಹಿಟ್ಟಿಗೆ ನಿಮ್ಮ ಚಿರೋಟಿ ರವೆ ಕೂಡಿಸಿ ಗಟ್ಟಿಯಾಗಿ ನಾದಿ, ದಪ್ಪ ರೊಟ್ಟಿ ಮಾಡಿ ಸಣ್ಣ ಉರಿಯಲ್ಲಿ ಗರಿಗರಿಯಾಗಿ ಬೇಯಿಸಿರಿ. ಮುರಿದು, ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, ಬೆಲ್ಲದ ಪುಡಿ, ತುರಿದ ಕೊಬ್ಬರಿ, ಹುರಿದ ಗಸಗಸೆ, ಪುಟಾಣಿ, ಏಲಕ್ಕಿ, ಒಣಶುಂಠಿ ಬೆರೆಸಿರಿ. ಬಟ್ಟಲಿಗೆ ಹಾಕಿ ಮೇಲೆ ಬಿಸಿ ಹಾಲು, ತುಪ್ಪ ಬಿಟ್ಟುಕೊಂಡರೆ ಊಟವೇ ಆಗುತ್ತದೆ. ಡಬ್ಬಿಯಲ್ಲಿ ಹತ್ತು ಹದಿನೈದು ದಿನ ಇರುತ್ತದೆ, ಮಗಳು ಶಾಲೆಯಿಂದ ಬಂದಾಗ ಕೊಡಬಹುದು. ಐದು ಡಬ್ಬಿಗಳ ತಳ ಒಂದೇ ಮಧ್ಯಾಹ್ನದಲ್ಲಿ ಕಾಣುತ್ತದೆ.

ಉತ್ತರ: ಜರ್ಮನಿಯಿಂದ

ನಮಸ್ಕಾರ ಮೇಡಂ. ಒಂಬತ್ತು ವರ್ಷಗಳಿಂದ ಇಲ್ಲಿರುವ ಕನ್ನಡಿಗ. ಏನನ್ನು ಒಯ್ಯಬಹುದು ಎಂಬ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಅದನ್ನು ತಿಳಿದರೆ ಏನನ್ನು ಮುಗಿಸಬೇಕೆಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲನೆಯದಾಗಿ ನಿಮ್ಮ ತುಪ್ಪ. ಐರೋಪ್ಯ ಒಕ್ಕೂಟದ ನಿಯಮದಂತೆ ಭಾರತದಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನೂ ಮಾಂಸದ ಉತ್ಪನ್ನಗಳನ್ನೂ ತಮ್ಮ ಸಾಮಾನಿನಲ್ಲಿ ತರುವಂತಿಲ್ಲ. ಪ್ರಮಾಣ ಚಿಕ್ಕದೆಂಬ ಕಾರಣಕ್ಕೂ ರಿಯಾಯಿತಿಯಿಲ್ಲ. ಮನೆಯ ತುಪ್ಪ, ಪೇಡ, ಖೋವಾದ ಸಿಹಿ ಎಲ್ಲ ಇದರಲ್ಲಿ ಬರುತ್ತವೆ. ನಾನು ಮೊದಲ ಸಲ ಬಂದಾಗ ಅಮ್ಮ ಎರಡು ತಿಂಗಳು ಕೆನೆ ಕೂಡಿಟ್ಟು ಕಾಯಿಸಿದ ತುಪ್ಪದ ಡಬ್ಬಿಯನ್ನು ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮೇಲೆ ಬಿಟ್ಟು ಬಂದೆ. ಅಧಿಕಾರಿ ಸೌಜನ್ಯದಿಂದಲೇ ನಡೆದುಕೊಂಡರು, ನಿಯಮವನ್ನು ತಿಳಿದುಕೊಳ್ಳದೆ ಬಂದದ್ದು ನನ್ನದೇ ತಪ್ಪು. ಆದರೂ ಅಂದು ಅಮ್ಮನಿಗೆ ಫೋನಿನಲ್ಲಿ ಅದನ್ನು ಹೇಳಲಾಗಲಿಲ್ಲ. ನಿಮ್ಮ ಒಂದು ಲೀಟರನ್ನು ಪೊಂಗಲ್, ಮಾದಲಿ, ಬಿಸಿ ಅನ್ನಕ್ಕೆ ಧಾರಾಳವಾಗಿ ಬಳಸಿ ಮುಗಿಸಿ. ಬಾಳಕದ ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದದ್ದಾದ್ದರಿಂದ ನಾನು ಅದನ್ನೂ ತರುವುದಿಲ್ಲ, ಅಲ್ಲಿಯೇ ಕರಿದು ಮೊಸರನ್ನಕ್ಕೆ ಹಾಕಿಕೊಳ್ಳಿ. ಹಸಿ ಕರಿಬೇವಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು, ಅದೂ ಬೇಡ.

ಎರಡನೆಯದು ಕೊಬ್ಬರಿ. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಿದ್ದು ತನ್ನಿಂದ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿಗೆ ಅದನ್ನು ಸೇರಿಸಿದ್ದಾರೆ. ವಿಮಾನದಲ್ಲಿ ಕೈಚೀಲಕ್ಕೂ ಹಾಕಬೇಡಿ, ದೊಡ್ಡ ಪೆಟ್ಟಿಗೆಗೂ ಹಾಕಬೇಡಿ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡುವಂತಿಲ್ಲ, ಅದನ್ನು ದ್ರವ ಪದಾರ್ಥದಂತೆಯೇ ಪರಿಗಣಿಸುತ್ತಾರೆ. ದೊಡ್ಡ ಪೆಟ್ಟಿಗೆಯಲ್ಲಿ ಎರಡು ಜಾಡಿಯ ಬದಲು ಒಂದನ್ನು, ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಿ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಚೀಲದಲ್ಲಿ ಕಟ್ಟಿ ತನ್ನಿ.

ಮೂರನೆಯದು ತೂಕ. ಒಂದು ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕೆಜಿ ಮಿತಿ ಇರುತ್ತದೆ, ಫೆಬ್ರವರಿಯ ಚಳಿಗೆ ಬೇಕಾದ ಬಟ್ಟೆಯೇ ಅರ್ಧ ತೂಗುತ್ತದೆ. ಹೆಚ್ಚುವರಿ ಸಾಮಾನಿಗೆ ದುಡ್ಡು ಕೊಟ್ಟು ಬೇಳೆ ತರುವುದು ಉಳಿತಾಯವಲ್ಲ. ತೊಗರಿಬೇಳೆ, ಉದ್ದಿನಬೇಳೆ, ಅವಲಕ್ಕಿ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ತುರ್ಕಿಯವರ ಅಂಗಡಿಗಳಲ್ಲಿ ಕೆಂಪು ಮಸೂರಬೇಳೆ ಅಗ್ಗ, ನಮ್ಮ ಸಾರಿಗೆ ಅದು ಚೆನ್ನಾಗಿಯೇ ಒಗ್ಗುತ್ತದೆ. ರವೆಯನ್ನು ಇಲ್ಲಿನವರು ‘ಗ್ರೀಸ್’ ಎನ್ನುತ್ತಾರೆ, ಯಾವ ಸೂಪರ್‌ಮಾರ್ಕೆಟ್ಟಿನಲ್ಲಾದರೂ ಇರುತ್ತದೆ. ರಾಗಿ ಹಿಟ್ಟು ಮಾತ್ರ ಹುಡುಕಬೇಕು, ಸಿಕ್ಕರೂ ಊರಿನ ಬೆಲೆಗೆ ಸಿಗುವುದಿಲ್ಲ. ಆದ್ದರಿಂದ ತರುವುದಾದರೆ ಎರಡು ಕೆಜಿ ರಾಗಿ ಹಿಟ್ಟು, ಮನೆಯ ಸಾರಿನ ಪುಡಿ, ಹುಳಿಪುಡಿ, ಉಳಿದ ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಪುಡಿಗಳ ಮೇಲೆ ಏನೆಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ.

ಇನ್ನೊಂದು ಮುಖ್ಯ ವಿಷಯ. ನೀವು ಶನಿವಾರ ರಾತ್ರಿ ಹೊರಟರೆ ಇಲ್ಲಿ ಇಳಿಯುವುದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳಿಗೆ ರಜೆ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣದ ಕೆಲವು ಅಂಗಡಿಗಳನ್ನು ಬಿಟ್ಟರೆ ಹಾಲು, ಬ್ರೆಡ್ಡು ಸಿಗುವುದೂ ಕಷ್ಟ. ಬಸವನಗುಡಿಯ ಅಮ್ಮನವರು ಹೇಳಿದಂತೆ ಎಲ್ಲವನ್ನೂ ಮುಗಿಸಿ, ಆದರೆ ಒಂದು ಪೊಟ್ಟಣವನ್ನು ಬೇರೆಯಾಗಿ ಎತ್ತಿಡಿ: ಎರಡು ಲೋಟ ಅಕ್ಕಿ, ಒಂದು ಲೋಟ ತೊಗರಿಬೇಳೆ, ಅರ್ಧ ಕೆಜಿ ಅವಲಕ್ಕಿ, ಉಪ್ಪು, ಸಾರಿನ ಪುಡಿ, ಪುಟ್ಟ ಡಬ್ಬಿಯಲ್ಲಿ ಸಾಸಿವೆ, ಇಂಗು, ಜೊತೆಗೊಂದು ಚಿಕ್ಕ ಪಾತ್ರೆ. ಖಾಲಿ ಮನೆಗೆ ಹೋಗಿ ನಿಂತ ಮೊದಲ ಸಂಜೆ ಮಗುವಿಗೆ ಬಿಸಿ ಸಾರು ಅನ್ನ ಕಲಸಿ ಕೊಡಲು ಸಾಧ್ಯವಾದರೆ ಎಷ್ಟು ನೆಮ್ಮದಿ ಎಂಬುದನ್ನು ಕಂಡಿದ್ದೇನೆ.

ಉತ್ತರ: ಶಾರ್ಜಾದಿಂದ

ಗಸಗಸೆಯ ಬಗ್ಗೆ ಒಂದೇ ಮಾತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ಅದನ್ನು ಮಾದಕವಸ್ತುಗಳ ಕಾನೂನಿನಡಿ ನೋಡುತ್ತಾರೆ, ಅಡುಗೆಗೆ ತಂದದ್ದೆಂಬ ವಿವರಣೆ ಕೇಳುವುದಿಲ್ಲ. ಜರ್ಮನಿಯ ಬೇಕರಿಗಳಲ್ಲಿ ಗಸಗಸೆಯ ಕೇಕೇ ಮಾರುತ್ತಾರಾದರೂ, ಬೆಂಗಳೂರಿನಿಂದ ಅಲ್ಲಿಗೆ ಹೋಗುವ ಹಲವರು ದುಬೈ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸುತ್ತಾರೆ. ನಿಮ್ಮ ಟಿಕೆಟ್ ಆ ದಾರಿಯದಾದರೆ ಗಸಗಸೆಯ ಬಾಟಲಿಯಷ್ಟೇ ಅಲ್ಲ, ಗಸಗಸೆ ಹುರಿದು ಸೇರಿಸಿದ ಸಾಗು ಪುಡಿ, ಮಸಾಲೆ ಪುಡಿಯನ್ನೂ ಪೆಟ್ಟಿಗೆಯಲ್ಲಿ ಇಡಬೇಡಿ. ಪುಡಿಗಳನ್ನು ಅಮ್ಮಂದಿರು ಮಾಡಿಕೊಟ್ಟಿದ್ದರೆ ಏನೇನು ಹಾಕಿದ್ದಾರೆಂದು ಕೇಳಿಯೇ ಕಟ್ಟಿಕೊಳ್ಳಿ. ಬಾಟಲಿಯನ್ನು ಗಸಗಸೆ ಪಾಯಸ ಮಾಡಿ ಮುಗಿಸಿಬಿಡಿ. ನಿಮ್ಮಲ್ಲಿ ಬೆಲ್ಲ, ಕೊಬ್ಬರಿ, ಅಕ್ಕಿ ಎಲ್ಲವೂ ಇದೆ, ಹಾಲೊಂದು ಸಾಕು. ರಾತ್ರಿ ಕುಡಿದರೆ ಒಳ್ಳೆಯ ನಿದ್ದೆಯೂ ಬರುತ್ತದೆ.

ಪ್ರಶ್ನೆ ಕೇಳಿದವರಿಂದ: ಮೈಸೂರು, ಜನವರಿ 24

ಉತ್ತರಿಸಿದ ಎಲ್ಲರಿಗೂ ಕೈಮುಗಿಯುತ್ತೇನೆ. ಮೂರು ವಾರಗಳಾದವು, ಆಗಿರುವುದನ್ನು ತಿಳಿಸಬೇಕೆನ್ನಿಸಿತು.

ನಮ್ಮ ಟಿಕೆಟ್ ಅಬುಧಾಬಿಯ ಮೇಲೆಯೇ ಇದೆ. ಶಾರ್ಜಾದವರು ಬರೆಯದಿದ್ದರೆ ಅತ್ತೆಯವರು ಮಾಡಿಕೊಟ್ಟ ಸಾಗು ಪುಡಿಯನ್ನು ನಾನು ನಿಶ್ಚಿಂತೆಯಿಂದ ಪೆಟ್ಟಿಗೆಗೆ ಹಾಕುತ್ತಿದ್ದೆ. ಕೇಳಿದಾಗ ಎರಡು ಚಮಚ ಗಸಗಸೆ ಹಾಕಿರುವುದಾಗಿ ಹೇಳಿದರು. ಅದು ಈ ವಾರವೇ ಪೂರಿಯ ಜೊತೆ ಮುಗಿಯಿತು. ಬಾಟಲಿಯ ಗಸಗಸೆ ಅರ್ಧ ಪಾಯಸಕ್ಕೆ, ಅರ್ಧ ಮಾದಲಿಗೆ ಹೋಯಿತು. ಮಾದಲಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳು ಎರಡನೆಯ ಸಲ ಮಾಡಿಸಿದಳು.

ಸಂಕ್ರಾಂತಿಗೆ ನಾಲ್ಕು ಗಿಟುಕು ಕೊಬ್ಬರಿ ಹೆಚ್ಚಿದೆವು. ಕಡಲೆಕಾಯಿ ಬೀಜದಲ್ಲಿ ತಳದ ಒಂದು ಹಿಡಿ ಬೂಷ್ಟು ಹಿಡಿದಿತ್ತು, ಎಸೆದೆ. ಇಪ್ಪತ್ತಮೂರು ಮನೆಗಳಿಗೆ ಎಳ್ಳು ಬೀರಿ ಬಂದೆವು. ತೊಂದರೆಯೆಂದರೆ ಅಷ್ಟೂ ಮನೆಯವರು ತಮ್ಮ ಎಳ್ಳುಬೆಲ್ಲವನ್ನು ನಮಗೆ ಕೊಟ್ಟಿದ್ದರಿಂದ, ಹಂಚಿದ್ದಕ್ಕಿಂತ ಹೆಚ್ಚೇ ಮನೆಗೆ ಬಂದಿತು. ಈಗ ಅದನ್ನು ಪುಡಿ ಮಾಡಿ ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿದ್ದೇನೆ, ಮಗಳ ಶಾಲೆಯ ಡಬ್ಬಿಗೆ ದಿನಕ್ಕೆರಡು ಹೋಗುತ್ತಿವೆ.

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿದರೂ ನನ್ನ ಕೈಯಲ್ಲಿ ರೊಟ್ಟಿ ಬರಲಿಲ್ಲ. ತಾಲಿಪಟ್ಟು ಬಂದಿತು, ನಾಲ್ಕು ಸಲದಲ್ಲಿ ಹಿಟ್ಟು ಮುಗಿಯಿತು. ಮೊದಲ ಎರಡು ವಾರ ತರಕಾರಿಯ ಖರ್ಚು 600 ರೂಪಾಯಿಯೊಳಗೇ ಇತ್ತು. ಮೂರನೆಯ ವಾರ ಅವರೆಕಾಯಿಯ ಸೊಗಡು ಕಂಡು ಎರಡು ಕೆಜಿ ತಂದದ್ದರಿಂದ ಸ್ವಲ್ಪ ಮೀರಿತು. ಮುಂದಿನ ವರ್ಷ ಈ ಹೊತ್ತಿಗೆ ಅದು ಸಿಗುವುದಿಲ್ಲವೆಂದು ತಂದೆ, ಅದಕ್ಕೆ ಬೇಸರವಿಲ್ಲ.

ಹುರುಳಿಕಾಳು ಬೆಂದಿತು. ಉಪ್ಪುನೀರಿನಲ್ಲಿ ಒಂದು ರಾತ್ರಿ, ಹೊಸ ನೀರಿನಲ್ಲಿ ಒಂದು ಹಗಲು ನೆನೆಸಿ, ಉಗುರಿನಿಂದ ಒತ್ತಿ ನೋಡಿದಾಗ ಹೆಚ್ಚಿನವುಗಳಲ್ಲಿ ಗುರುತು ಬಿದ್ದಿತು. ಉಳಿದ ಕಲ್ಲುಕಾಳು ಒಂದು ಬಟ್ಟಲಿನಷ್ಟಿತ್ತು, ಆರಿಸಿ ತೆಗೆದೆ. ಮೊದಲ ಕಟ್ಟಿನ ಸಾರು ಮಾಡಿದ ದಿನ ಅಮ್ಮ ಊರಿನಿಂದ ಬಂದಿದ್ದರು. ಎರಡನೆಯ ಸಲ ಬಡಿಸಿಕೊಂಡ ಮೇಲೆ, ಇದು ಹೋದ ವರ್ಷದ ಕಾಳೇ ಎಂದು ಕೇಳಿದರು. ಅದಕ್ಕೂ ಹಿಂದಿನದು ಎಂದೆ. ಊಟವಾದ ಮೇಲೆ ಖಾಲಿಯಾಗುತ್ತಿದ್ದ ಬಟ್ಟೆಯ ಚೀಲವನ್ನು ನೋಡಿ, ತೊಳೆದು ಒಣಗಿಸಿ ಕೊಡು, ರಾಗಿ ಹಿಟ್ಟನ್ನು ಅದರಲ್ಲೇ ಕಟ್ಟಿಕೊಡುತ್ತೇನೆ ಎಂದರು. ಎರಡು ಕೆಜಿ ಹಿಡಿಯುತ್ತದೆಯೇ ಎಂದು ಅಳೆದು ನೋಡಿದೆ, ಸರಿಯಾಗಿ ಹಿಡಿಯುತ್ತದೆ.